ಎರಡು ಸಲ ಓದಿದ ಸಾಲು

ನಮ್ಮ ಅಂಗಡಿಯ ಸ್ಕ್ಯಾನರ್ ಪ್ರತಿ ಪುಟದ ಮೂರನೇ ಒಂದು ಭಾಗಕ್ಕೆ ಬಂದಾಗ ನಿಲ್ಲುತ್ತಿತ್ತು. ಗಾಜಿನಡಿಯ ಬೆಳಕು ಉಸಿರು ಹಿಡಿದಂತೆ ತಡೆದು, ಬೆರಳಗಲ ಹಿಂದೆ ಸರಿದು, ಮತ್ತೆ ಮುಂದೆ ಹೋಗುತ್ತಿತ್ತು. "ಏನ್ರೀ, ನಿಮ್ಮ ಮೆಷಿನ್ನಿಗೆ ಬಿಕ್ಕಳಿಕೆನಾ?" ಎಂದು ಗಿರಾಕಿಗಳು ನಗುತ್ತಿದ್ದರು. ಭಾವ ಮಾತ್ರ ನಗುತ್ತಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಜೆರಾಕ್ಸ್, ಸ್ಕ್ಯಾನಿಂಗ್ ಅವರದು. ಬೈಂಡಿಂಗ್ ಮೇಜು ನನ್ನದು. ಕೌಂಟರಿನ ಕುರ್ಚಿ ಅಕ್ಕನದು. ಅವಳು ಹೋದಮೇಲೂ ಅದರಲ್ಲಿ ನಾವಿಬ್ಬರೂ ಕೂತವರಲ್ಲ.

ಕೊಂಡ ಹೊಸತರಲ್ಲಿ ಆ ಸ್ಕ್ಯಾನರ್ ನಮ್ಮ ಕಂಪ್ಯೂಟರಿನ ಜೊತೆ ಮಾತೇ ಆಡಲಿಲ್ಲ. ನಮ್ಮದು ಲಿನಕ್ಸ್, ಜನರೇ ಕೂಡಿ ಕಟ್ಟಿ ಪುಕ್ಕಟೆ ಹಂಚುವ ವ್ಯವಸ್ಥೆ. ಸ್ಕ್ಯಾನರಿಗೆ ಅಪ್ಪಣೆ ಕೊಡುವ ಡ್ರೈವರನ್ನು ಕಂಪನಿಯವರು ದುಡ್ಡು ಕೊಟ್ಟು ಕೊಳ್ಳುವ ಇನ್ನೊಂದು ವ್ಯವಸ್ಥೆಗೆ ಮಾತ್ರ ಮಾಡಿದ್ದರು. ಭಾವ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಜೇನು ಸುರಿಸಿದಳು. "ನೀವು ಹೇಳೋದು ನಮ್ಮಲ್ಲಿ ನಡೆಯಲ್ಲ ಸರ್. ನಮ್ಮಲ್ಲಿ ನಡೆಯೋದನ್ನ ಹಾಕ್ಕೊಂಡು ಆಮೇಲೆ ಫೋನ್ ಮಾಡಿ."

"ಹೋಗ್ಲಿ, ಇದಕ್ಕೆ ಅಪ್ಪಣೆ ಯಾವ ಭಾಷೇಲಿ ಕೊಡಬೇಕು ಅಂತಾದ್ರೂ ಹೇಳಿ. ಡ್ರೈವರ್ ನಾನೇ ಬರ್ಕೋತೀನಿ."

"ಅದು ಕಂಪನಿ ಗುಟ್ಟು ಸರ್."

"ಧಾರೆ ಎರೆದು ಕೊಟ್ಟಮೇಲೆ ಹುಡುಗಿ ಆಡೋ ಭಾಷೆ ಗುಟ್ಟು ಅಂದ್ರಂತೆ!" ಎಂದು ಅಕ್ಕ ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕಳು.

ಭಾವ ಛಲ ಬಿಡುವ ಪೈಕಿ ಅಲ್ಲ. ಕಂಪನಿಗೆ ಒಪ್ಪುವ ಕಂಪ್ಯೂಟರೊಂದನ್ನು ಎರವಲು ತಂದು, ಸ್ಕ್ಯಾನರಿಗೆ ಜೋಡಿಸಿ, ಒಂದು ಮಧ್ಯಾಹ್ನವಿಡೀ ಅವೆರಡರ ನಡುವೆ ಓಡಾಡಿದ ಸಂಕೇತಗಳನ್ನೆಲ್ಲ ಹಿಡಿದಿಟ್ಟರು. ಅರ್ಥವಾದದ್ದು ಅಷ್ಟಕ್ಕಷ್ಟೆ. ಅರ್ಥವಾಗದ್ದನ್ನು ಗಿಳಿಪಾಠದ ಹಾಗೆ ಇದ್ದಂತೆಯೇ ಒಪ್ಪಿಸುವ ಡ್ರೈವರ್ ಬರೆದರು. ಸ್ಕ್ಯಾನರ್ ಓಡಿತು. ಅದನ್ನು ಪುಕ್ಕಟೆ ಹಂಚಿದರು. ಯಾವ ಯಾವುದೋ ದೇಶದವರು ಹಾಕಿಕೊಂಡು ಹರಸಿದರು. ಆದರೆ ಎಲ್ಲರ ಮನೆಯಲ್ಲೂ ಅದೇ ಜಾಗದಲ್ಲಿ ಅದೇ ಬಿಕ್ಕಳಿಕೆ. ಯಾಕೆಂದು ಭಾವನಿಗೂ ತಿಳಿಯಲಿಲ್ಲ.

ಮರುವರ್ಷ ಅಕ್ಕ ತೀರಿಕೊಂಡಳು. ಆಮೇಲೊಂದು ದಿನ ದೂರದವರೊಬ್ಬರು, ತಾವೂ ಹೀಗೇ ಹಿಡಿದಿಟ್ಟ ಸಂಕೇತಗಳನ್ನು ಕಳಿಸಿದರು. ಭಾವ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದು ಕಡೆ ಬಿಟ್ಟು ಉಳಿದದ್ದೆಲ್ಲ ಒಂದೇ. ನಮ್ಮದರಲ್ಲಿ, ಬೆಳಕು ಅಷ್ಟು ದೂರ ಬಂದಾಗ, ಯಾರೋ ಸ್ಕ್ಯಾನರಿನ ಮೇಲಿನ ಗುಂಡಿ ಒತ್ತಿ ನಿಲ್ಲಿಸಿ, ಮತ್ತೆ ಒತ್ತಿ ಹೊರಡಿಸಿದ್ದರು. ಆ ಒತ್ತನ್ನೂ ಡ್ರೈವರ್ ಗಿಳಿಯ ಹಾಗೆ ಪ್ರತಿ ಪುಟಕ್ಕೂ ಒಪ್ಪಿಸುತ್ತಿತ್ತು.

"ನೀನೇನಯ್ಯಾ ಒತ್ತಿದ್ದು?"

"ಅವತ್ತು ನಾನು ಅಂಗಡೀಲೇ ಇರ್ಲಿಲ್ವಲ್ಲ ಭಾವ."

ಇಬ್ಬರೂ ಕುರ್ಚಿಯ ಕಡೆ ನೋಡಿದೆವು. ಭಾವ ಹೇಳಿದರು: "ಕಾಗದ ಸೊಟ್ಟ ಇತ್ತು ಕಣ್ರೀ, ಸರಿ ಮಾಡಿದೆ ಅಂದಿದ್ಲು. ನಾನು ತಲೆ ಎತ್ತದೆ ಹೂಂ ಅಂದಿದ್ದೆ."

ಆ ಒತ್ತನ್ನು ಡ್ರೈವರಿನಿಂದ ಅಳಿಸುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅಳಿಸಲಿಲ್ಲ. ಗಿರಾಕಿಗಳಿಲ್ಲದಾಗ ಖಾಲಿ ಹಾಳೆ ಇಟ್ಟು ಬೆಳಕು ಬಿಡುತ್ತಿದ್ದರು. ಅದು ನಿಂತ ಕೂಡಲೇ ಒಮ್ಮೆ, "ನೋಡು, ಬಂದ್ಲು," ಎಂದರು. ನಾನಾದರೂ ಏನು ಕಮ್ಮಿ? ಬೆಳಕು ತಡೆದಾಗ ಸ್ಕ್ಯಾನರಿನ ಮುಂದೆ ಹಾಯುತ್ತಿರಲಿಲ್ಲ. ಯಾರಿಗೋ ದಾರಿ ಬಿಟ್ಟಂತೆ ಗೋಡೆಗೆ ಒತ್ತಿ ನಿಲ್ಲುತ್ತಿದ್ದೆ.

ಹೀಗಿರುವಾಗ ಆ ಫೋನ್ ಬಂತು. ಸಂಗೀತದ ಟೀಚರೊಬ್ಬಳದು. ಹುಟ್ಟಿನಿಂದ ಕಣ್ಣಿಲ್ಲ. ಕಾಗದವನ್ನು ಸ್ಕ್ಯಾನರಿಗೆ ಕೊಟ್ಟರೆ ಕಂಪ್ಯೂಟರ್ ಓದಿ ಹೇಳುತ್ತದೆ, ಅದೂ ಭಾವನ ಡ್ರೈವರಿನ ದಯೆಯಿಂದ.

"ನಿಮ್ಮ ಮೆಷಿನ್ನು ಪುಟಕ್ಕೊಂದು ಸಾಲು ಎರಡೆರಡು ಸಲ ಓದುತ್ತೆ ಸರ್. ಒಳಗೆ ಯಾರೋ ಮರೆವಿನ ಅಜ್ಜಿ ಕೂತಿದಾರೆ ಅಂತ ನಗಾಡ್ಕೊಂಡು, ಎರಡನೇದನ್ನ ಬಿಟ್ಟುಬಿಡೋದು ನನಗೆ ರೂಢಿ."

"ಹೂಂ," ಎಂದರು ಭಾವ.

"ಅಪ್ಪನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಾಗ ಔಷಧಿ ಚೀಟಿ ಕೊಟ್ರು. ಊಟಕ್ಕೆ ಮುಂಚೆ ಒಂದು ಮಾತ್ರೆ ಅಂತ ಎರಡು ಸಲ ಓದ್ತು. ಅಜ್ಜಿ ಆಟ ಅಂದ್ಕೊಂಡೆ. ಅಲ್ಲ ಸರ್. ಅವತ್ತು ಅಜ್ಜಿ ಖಾಲಿ ಜಾಗದಲ್ಲಿ ತಡವರಿಸಿರಬೇಕು. ಚೀಟೀಲೇ ಎರಡು ಸಾಲು ಇತ್ತು, ಎರಡು ಬೇರೆ ಬೇರೆ ಮಾತ್ರೆಗೆ. ಮಾತ್ರೆ ಹೆಸರು ಡಾಕ್ಟರ ಕೈಬರಹ, ಅದನ್ನ ಮೆಷಿನ್ನು ಓದಲ್ಲ. ನಾನು ಒಂದೇ ಕೊಟ್ಟೆ. ಅಪ್ಪ ಬಚ್ಚಲಲ್ಲಿ ಬಿದ್ರು. ಉಳ್ಕೊಂಡ್ರು. ನಾಳೆ ಮತ್ತೆ ಮನೆಗೆ ಬರ್ತಾರೆ. ಕಂಪನಿಯವರು ನಿಮ್ಮ ಸಿಸ್ಟಮ್ ನಮಗೆ ಸಂಬಂಧ ಇಲ್ಲ ಅಂದ್ರು. ನಿಮ್ಮನ್ನ ಬಯ್ಯೋಕೆ ಫೋನ್ ಮಾಡಿಲ್ಲ. ನನಗೆ ಈಗ ಓದಿಸೋಕೇ ಭಯ."

ಭಾವ ಫೋನ್ ಇಟ್ಟರು.

"ಅಕ್ಕ ಇದನ್ನ ಕೇಳಿಸ್ಕೊಂಡಿದ್ರೆ..." ಎಂದೆ.

"ಕೇಳಿಸ್ಕೊಂಡಿದಾಳೆ ಬಿಡು."

"ಊರೋರಿಗೆ ಹೊಸದು ಕಳ್ಸಿ. ನಮ್ಮ ಮಟ್ಟಿಗೆ ಹಳೇದು ಇರ್ಲಿ ಭಾವ."

"ಹಳೇದು ಕೈಗೆ ಸಿಗ್ತಿದ್ರೆ ಹೊಸದರ ಮುಖ ನಾನು ನೋಡ್ತೀನೇನಯ್ಯಾ? ಹೊಸದರಲ್ಲೊಂದು ತಪ್ಪು ಉಳ್ಕೊಂಡು ಇನ್ಯಾರದೋ ಅಪ್ಪ ಬೀಳ್ತಾನೆ."

ಕೂತು ಅಳಿಸಿದರು. ಹಾಳೆ ಇಟ್ಟು ಬೆಳಕು ಬಿಟ್ಟರು. ಅದು ಎಲ್ಲೂ ತಡೆಯದೆ ಈ ಅಂಚಿನಿಂದ ಆ ಅಂಚಿಗೆ ನೀರಿನಂತೆ ಹೋಯಿತು. ನಾನು ಗೋಡೆಗೆ ಒತ್ತಿ ನಿಂತಿದ್ದೆ. ಭಾವ ಹೊಸ ಡ್ರೈವರ್ ಕಳಿಸಿ ಟೀಚರಿಗೆ ಫೋನ್ ಮಾಡಿದರು. ಆಕೆ ಅದನ್ನು ಹಾಕಿಕೊಂಡು, ಚೀಟಿಯನ್ನು ಗಾಜಿನ ಮೇಲಿಟ್ಟು, ಫೋನನ್ನು ಕಂಪ್ಯೂಟರಿನ ಬಾಯಿಗೆ ಹಿಡಿದಳು. ಭಾವಶೂನ್ಯವಾದ ಆ ದನಿ ನಮ್ಮ ಅಂಗಡಿಯಲ್ಲಿ ಕೇಳಿಸಿತು:

"ಊಟಕ್ಕೆ ಮುಂಚೆ ಒಂದು ಮಾತ್ರೆ. ಊಟಕ್ಕೆ ಮುಂಚೆ ಒಂದು ಮಾತ್ರೆ."

ಭಾವನ ಕೈ ನನ್ನ ತೋಳನ್ನು ಹಿಡಿಯಿತು.

"ಸರ್? ಇದು ಕಾಗದದ್ದೇ ಅಲ್ವಾ? ಅಜ್ಜಿದಲ್ಲ ತಾನೇ?"

ಭಾವ ಕುರ್ಚಿಯ ಕಡೆ ನೋಡಲಿಲ್ಲ. ನೋಡದಿರಲು ಅವರು ಪಡುತ್ತಿದ್ದ ಕಷ್ಟ ನನ್ನ ತೋಳಿಗೆ ಗೊತ್ತಾಗುತ್ತಿತ್ತು.

"ಕಾಗದದ್ದೇ ತಾಯಿ," ಎಂದರು. "ಒಳಗೆ ಯಾರೂ ಇಲ್ಲ. ಎರಡೂ ಕೊಡಿ."