ಮಡಚಿ ನೋಡಿದ ಬೆಲ್ಟ್

ನನ್ನ ಗಂಡ ಈಶ್ವರ್ ಅನುಮಾನದ ಪ್ರಾಣಿ. ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ನಡೆಸುವವನು ಹಾಗೇ ಇರಬೇಕು ಎಂಬುದು ಅವರ ಸಮರ್ಥನೆ. ಮೇಲಿನ ಭತ್ತ ನೋಡಿ ರೇಟು ಮಾತಾಡಬಾರದು, ಚೀಲದ ಹೊಟ್ಟೆಗೆ ಕೊಳವೆ ಚುಚ್ಚಿ ಒಳಗಿನದನ್ನು ತೆಗೆದು ನೋಡಬೇಕು. ಮಿಲ್ಲಿನಲ್ಲಿ ಅದು ಸರಿಯೇ. ಆದರೆ ಮನೆಗೆ ಬಂದ ಹಾಲು, ಜ್ವರದ ಮಾತ್ರೆ, ಬೀಗರ ಮಾತು, ಎಲ್ಲಕ್ಕೂ ಇವರು ಕೊಳವೆ ಚುಚ್ಚುತ್ತಾರೆ. ಇಷ್ಟು ವರ್ಷ ಸಂಸಾರ ಮಾಡಿ ನನಗೆ ಸಾಕುಸಾಕಾಗಿದೆ.

ನಾನು ದೋಣಿಮಲೈಯಲ್ಲಿ ಗಣಿತದ ಟೀಚರ್. ಹೊಸಪೇಟೆಯಿಂದ ದಿನಾ ನಾನೇ ಕಾರು ಓಡಿಸಿಕೊಂಡು ಹೋಗಿ ಬರುತ್ತೇನೆ. ಸಂಡೂರಿನ ಘಾಟಿಯಲ್ಲಿ ಮುಂದೆಯೂ ಅದಿರಿನ ಲಾರಿ, ಹಿಂದೆಯೂ ಅದಿರಿನ ಲಾರಿ. ಮೊನ್ನೆ ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ದುರುಗೇಶ್, ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಬಂತು ಎಂದ. ಎಂಜಿನ್ನಿಗೆ ಹಾಕುವ, ಒಳಮೈಗೆ ಹಲ್ಲಿರುವ ರಬ್ಬರಿನ ಬೆಲ್ಟ್ ಅದು. ಓಡುವಾಗ ತುಂಡಾದರೆ ಎಂಜಿನ್ ಅಲ್ಲೇ ಸತ್ತಂತೆ. ಏರಿನಲ್ಲಿ ಕಾರು ಗಕ್ಕನೆ ನಿಂತು, ಹಿಂದಿನ ಲಾರಿಯವನಿಗೆ ಬ್ರೇಕ್ ಹತ್ತದಿದ್ದರೆ ನನ್ನ ಕಥೆಯೂ ಅಲ್ಲಿಗೆ ಮುಗಿಯಿತು.

ದುರುಗೇಶ್ ಎರಡು ದಾರಿ ಹೇಳಿದ. ಕಾರಿನ ಕಂಪನಿಯದೇ ಒರಿಜಿನಲ್ ತರಿಸಬಹುದು. ಇಲ್ಲವೇ ಬರೀ ಬೆಲ್ಟುಗಳನ್ನೇ ಮಾಡುವ ಬೇರೆ ಕಂಪನಿಯದು ಅವನ ಗ್ಯಾರೇಜಿನಲ್ಲೇ ಇದೆ, ರೇಟು ಕಡಿಮೆ, ಎಷ್ಟೋ ಗಾಡಿಗಳಿಗೆ ಹಾಕಿದ್ದಾನೆ. ‘ನನ್ನ ಹತ್ತಿರವೇ ಇದೆ’ ಎಂದು ಅವನು ಹೇಳಿದ್ದೇ ತಡ, ನನ್ನ ಜೊತೆ ಬಂದಿದ್ದ ಇವರ ಮುಖ ಗಂಟಿಕ್ಕಿತು. ಮನೆಗೆ ಬಂದವರೇ ಶುರು ಮಾಡಿದರು.

“ಮೂಲ್ಯಾಗ ಬಿದ್ದಿರೋ ಮಾಲು ನಮಗ ಸಾಗಹಾಕಾಕ ನೋಡ್ತಾನ. ಅವನ ಕೈಯಿಂದ ಒರಿಜಿನಲ್ಲೂ ಬ್ಯಾಡ. ನಾನ ತರ್ತೀನಿ.”

ತಂದರು. ಡಬ್ಬಿಯ ಮೇಲಿನ ಹೊಳೆಯುವ ಸ್ಟಿಕ್ಕರನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಪಾರ್ಟ್ ನಂಬರನ್ನು ಫೋನಿನಲ್ಲಿ ಹುಡುಕಿದರು. ನಕಲಿ ಮಾಡುವವರು ಸ್ಪೆಲ್ಲಿಂಗಿನಲ್ಲಿ ಸಿಕ್ಕಿಬೀಳುತ್ತಾರೆಂದು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದರು. ಅಷ್ಟಾದರೂ ಸಮಾಧಾನವಿಲ್ಲ. ಕೊನೆಗೆ ಬೆಲ್ಟನ್ನೇ ಹೊರತೆಗೆದು, ಹಲ್ಲು ಹೊರಗೆ ಬರುವಂತೆ ಮಗುಚಿ, ಚಪಾತಿಯ ಹಾಗೆ ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳಿಟ್ಟು ಬಲವಾಗಿ ಒತ್ತಿದರು. ಕಳಪೆ ರಬ್ಬರಾದರೆ ಮಡಿಕೆಯಲ್ಲಿ ಬಿರುಕು ಕಾಣುತ್ತದಂತೆ. ಇವರ ಅಪ್ಪನ ಕಾಲದಿಂದ ಮಿಲ್ಲಿನ ಯಂತ್ರಗಳಿಗೆ ತಂದ ಪ್ರತಿ ಬೆಲ್ಟಿಗೂ ಇದೇ ಪರೀಕ್ಷೆ. ಬಿರುಕು ಕಾಣಲಿಲ್ಲ. ಅಸಲಿ ಮಾಲೇ ಎಂದು ಗೆಲುವಿನಿಂದ ಮತ್ತೆ ಡಬ್ಬಿಗೆ ಹಾಕಿದರು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು, ಸದ್ಯ ಮುಗಿಯಿತಲ್ಲ ಎಂದುಕೊಂಡೆ.

ಮರುದಿನ ಗ್ಯಾರೇಜಿಗೆ ನನ್ನ ಜೊತೆ ಇವರೂ ಬಂದರು. ಒಳಗೊಯ್ದು ಬೆಲ್ಟು ಅದಲುಬದಲು ಮಾಡಿಬಿಟ್ಟರೆ ಎಂದು ದುರುಗೇಶನ ಪಕ್ಕದಲ್ಲೇ ಕಾವಲು ನಿಂತರು. ಅವನು ಬೆಲ್ಟನ್ನು ಬೆಳಕಿಗೆ ಹಿಡಿದು ಸುತ್ತಲೂ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು.

“ಇದನ್ನ ಯಾರೋ ಮಡಚ್ಯಾರ, ಸಾವ್ಕಾರ್ರ. ಇದನ್ನ ನಾ ಹಾಕಂಗಿಲ್ಲ.”

ಮಡಚಿದವನು ನಾನೇ, ಅದರಲ್ಲೇನು ತಪ್ಪು ಎಂದು ಇವರು ಕೇಳಿದರು. ರಬ್ಬರಿನೊಳಗೆ ಬಿಗಿ ಎಳೆಗಳಿರುತ್ತವೆ, ಮಡಚಿದರೆ ಮುರಿಯುತ್ತವೆ, ಹೊರಗೆ ಮಡಿಕೆಯ ಗುರುತು ಬಿಟ್ಟು ಏನೂ ಕಾಣುವುದಿಲ್ಲ, ಒಂದು ದಿನ ತುಂಡಾಗುತ್ತದೆ ಎಂದ ದುರುಗೇಶ್. ಇವರು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು, ನೋಡಿದೆಯಾ ನಾಟಕ ಎಂಬಂತೆ. ನಿಜ ಹೇಳುತ್ತೇನೆ, ನನಗೂ ಅನುಮಾನ ಬಂತು. ಕಣ್ಣಿಗೆ ಕಾಣದ ರೋಗ ಹೇಳಿ ತನ್ನ ಮಾಲು ಮಾರುವುದು ಎಷ್ಟು ಸುಲಭ!

ಖಾಲಿ ಡಬ್ಬಿ ಎತ್ತಿಕೊಂಡು ತಿರುಗಿಸಿದೆ. ತಳದಲ್ಲಿ ಸಣ್ಣದೊಂದು ಚಿತ್ರವಿತ್ತು: ಮಡಚಿದ ಬೆಲ್ಟು, ಅದರ ಮೇಲೆ ಅಡ್ಡಡ್ಡ ಕೆಂಪು ಗೆರೆ. ಅಕ್ಷರ ಅಕ್ಷರ ಓದಿದವರು ಚಿತ್ರ ನೋಡಿರಲಿಲ್ಲ. ಅವರ ಮುಂದೆ ಹಿಡಿದೆ. ಅದನ್ನು ನೋಡಿ, ಇದು ಜನ ಇನ್ನೊಂದು ಬೆಲ್ಟು ಕೊಳ್ಳಲಿ ಎಂದು ಕಂಪನಿಯವರು ಹೂಡಿದ ಉಪಾಯ, ಸುಮ್ಮನೆ ಇದನ್ನೇ ಹಾಕು ಎಂದರು ದುರುಗೇಶನಿಗೆ.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ದನಿ ಏರಿಸಲಿಲ್ಲ.

“ಹಾಕ್ಸ್ರಿ. ನಾಳೆ ಇದರಾಗ ಘಾಟಿ ಏರೋಳು ನಾನು. ನನ್ನ ಮುಖ ನೋಡಿ ಹೂಂ ಅನ್ರಿ, ಸಾಕು.”

ನನ್ನ ಮುಖ ನೋಡಿದರು. ಬಾಯಿ ತೆರೆದರು. ಹೂಂ ಬರಲಿಲ್ಲ. ಬೆಲ್ಟಿನ ಮಡಿಕೆ ನೋಡಿದರು, ಆಮೇಲೆ ತಮ್ಮ ಹೆಬ್ಬೆರಳು ನೋಡಿಕೊಂಡರು. ಇಷ್ಟು ದಿನದ ಆ ಅನುಮಾನವೆಲ್ಲ ನನಗೇನಾದರೂ ಆದೀತೆಂಬ ಹೆದರಿಕೆಯೇ ಆಗಿತ್ತೆಂದು ಆಗ ತಿಳಿಯಿತು. ಸಿಟ್ಟು ಹೋಗಿ ಅಯ್ಯೋ ಅನಿಸಿತು.

“ನಿಂದ ಹಾಕಪಾ,” ಎಂದರು ದುರುಗೇಶನಿಗೆ.

ಅವನು ಕಪಾಟಿನಿಂದ ತನ್ನ ಡಬ್ಬಿ ತಂದು ಬಿಚ್ಚಿದ. ಇವರ ಸ್ವಭಾವ ಗೊತ್ತಿದ್ದವನು, ಮೊದಲು ನೀವೇ ಪರೀಕ್ಷೆ ಮಾಡಿ ಎಂದು ಹೊಸ ಬೆಲ್ಟನ್ನು ಇವರತ್ತ ಚಾಚಿದ. ಇವರು ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

“ಅಕ್ಕಾರ ಕೈಯಾಗ ಕೊಡಪಾ,” ಎಂದರು, ನನ್ನ ಕಡೆ ಗೋಣು ತಿರುಗಿಸಿ. “ನನ್ನ ಕೈಗೆ ಬ್ಯಾಡ.”