ಕೈ ಪಳಗಲೆಂದು ಎತ್ತಿಟ್ಟ ಡಬ್ಬಿ

ಸವತಿ ಒಬ್ಬಳೇ ಆಗಿದ್ದರೆ ಹೇಗೋ ಜಗಳ ಆಡಿಕೊಂಡು ಬದುಕಬಹುದಿತ್ತು. ಕೇಕಮ್ಮನಿಗೆ ಒಂದು ಕೋಣೆ ತುಂಬ ಇದ್ದರು, ಅದೂ ರಟ್ಟಿನ ಡಬ್ಬಿಗಳಲ್ಲಿ, ಒಬ್ಬರ ಮೇಲೊಬ್ಬರು. ವಿಮಾನ, ಹಡಗು, ರೈಲು ಎಂಜಿನ್, ಬೆಂಕಿ ಆರಿಸುವ ಲಾರಿ. ಡಬ್ಬಿ ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ಚೌಕಟ್ಟುಗಳು, ಚೌಕಟ್ಟಿಗೆ ತಗುಲಿಕೊಂಡ ನೂರಾರು ಚಿಲ್ಲರೆ ತುಂಡುಗಳು. ಅವನ್ನು ಒಂದೊಂದಾಗಿ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಮೊಣಕೈಯುದ್ದದ ವಿಮಾನವೋ ಹಡಗೋ ಆಗುತ್ತಿತ್ತು, ನಿಜದ್ದರ ಒಂದು ಮೊಳೆಯೂ ತಪ್ಪದ ಹಾಗೆ. ಇದು ಅವಳ ಯಜಮಾನರ ಹುಚ್ಚು.

ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಅದೆಲ್ಲ ಬರೀ ಮಾತು. ಇಲ್ಲಿ ಮದುವೆಯೂ ಆಯಿತು, ಮಗಳು ಹುಟ್ಟಿ ಬೆಳೆದು ಗಂಡನ ಮನೆಗೂ ಹೋದಳು, ಹುಚ್ಚು ಮಾತ್ರ ಇದ್ದಲ್ಲೇ ಇತ್ತು. ಯಜಮಾನರು ಸಂಜೆ ತಮ್ಮ ಕನ್ನಡಕದ ಅಂಗಡಿ ಮುಚ್ಚಿ ಬರುವರು, ಕೈಕಾಲು ತೊಳೆಯುವರು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಹಸಿ ಬಣ್ಣದ ಮೇಲೆ ಧೂಳು ಕೂರಬಾರದಂತೆ! ಈಚೆ ಕೇಕಮ್ಮ "ರೀ, ಊಟ ಆರ್ತಾ ಇದೆ" ಎಂದು ಕೂಗಬೇಕು. ಆಚೆಯಿಂದ "ಬಂದೆ, ಬಂದೆ" ಅನ್ನುವ ಉತ್ತರ ಬರುವುದು, ಮನುಷ್ಯ ಬರುವುದಿಲ್ಲ. ಅವಳ ಸಂಸಾರದ ಅರ್ಧ ಮಾತುಕತೆ ಆ ಬಾಗಿಲಿನ ಜೊತೆಯೇ ನಡೆದುಹೋಗಿತ್ತು.

ಅವಳೇನು ಕೈ ಕಟ್ಟಿ ಕೂರುವ ಹೆಂಗಸಲ್ಲ. ಮನೆಯ ಮುಂದಿನ ಭಾಗದಲ್ಲೇ ಅವಳ ಕೇಕಿನ ಅಂಗಡಿ, ಅದಕ್ಕೇ ಬೀದಿಯವರಿಗೆಲ್ಲ ಅವಳು ಕೇಕಮ್ಮ. ಅವಳು ಕ್ರೀಮಿನಲ್ಲಿ ಬಿಡಿಸಿದ ಗುಲಾಬಿಯನ್ನು ತಿನ್ನಲು ಮನಸ್ಸು ಬಾರದೆ ಜನ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಬಾಕಿ ಕೇಕು ತಿನ್ನುತ್ತಿದ್ದರು.

ಆ ಕೋಣೆಯ ಕಪಾಟಿನ ಮೇಲೆ ಒಂದು ಡಬ್ಬಿ ಬೇರೆಯಾಗಿ ಇತ್ತು. ಎರಡು ಎಂಜಿನ್ನಿನ ಹಳೇ ಕಾಲದ ಅಂಚೆ ವಿಮಾನ. ಮಾಡುವವರು ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿ, ಈಗ ಹುಡುಕಿದರೂ ಸಿಗದ ಮಾಲು. ಯಜಮಾನರು ವಾರಕ್ಕೊಮ್ಮೆ ಅದರ ಧೂಳು ಒರೆಸುವರು, ಮತ್ತೆ ಅಲ್ಲೇ ಇಡುವರು.

"ಅದನ್ನ ಯಾವಾಗ ಮಾಡ್ತೀರಿ?" ಎಂದು ಕೇಕಮ್ಮ ಕೇಳಿದರೆ ಒಂದೇ ಉತ್ತರ. "ಇನ್ನೂ ಕೈ ಪಳಗಲಿ ಕಣೇ."

ಪಳಗಲಿ, ಪಳಗಲಿ ಅನ್ನುತ್ತಲೇ ತಲೆ ನರೆಯಿತು. ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದ ಯಜಮಾನರ ಕೈಯಿಂದ ಬ್ರಷ್ಷು ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ತಾವೇ ಬಿದ್ದರು. ಲಕ್ವ. ಕೇಕಮ್ಮನ ಜೀವ ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಆಸ್ಪತ್ರೆಯವರು ಬೇಗ ಕೈ ಹಾಕಿದರು, ಮಾತು ಉಳಿಯಿತು, ಕಾಲೂ ಬಂತು. ಬಲಗೈ ಮಾತ್ರ ಬರಲಿಲ್ಲ. ಬೆರಳು ಅಲ್ಲಾಡುತ್ತಿದ್ದವು, ಆದರೆ ಏನನ್ನೂ ಹಿಡಿಯಲೊಲ್ಲವು.

ವ್ಯಾಯಾಮ ಮಾಡಿಸಲು ಒಬ್ಬ ಡಾಕ್ಟರಮ್ಮ ಮನೆಗೆ ಬರುತ್ತಿದ್ದಳು. ಮಗಳ ವಯಸ್ಸಿನವಳು, ಆದರೆ ಗದರುವುದರಲ್ಲಿ ಅತ್ತೆ. ಅವಳು ಒಂದು ಮೆತ್ತನೆಯ ಹಳದಿ ಚೆಂಡು ಕೊಟ್ಟು ಅಮುಕಿ ಅಂದಳು. ಅವಳಿದ್ದಾಗ ಯಜಮಾನರು ಅಮುಕಿದ ಹಾಗೆ ಮಾಡುವರು. ಅವಳು ಮೆಟ್ಟಿಲು ಇಳಿದಳೋ ಇಲ್ಲವೋ, ಚೆಂಡು ಮಂಚದ ಕೆಳಗೆ.

"ಯಾಕ್ರೀ ಹೀಗ್ ಮಾಡ್ತೀರಿ?"

"ಚೆಂಡು ಹಿಡಿದು ನಾನೇನು ಮಾಡ್ಲಿ? ಆಡೋಕೆ ಹೋಗ್ಲಾ?" ಎಂದು ಗೋಡೆಗೆ ಮುಖ ಮಾಡಿದರು. "ಆ ಡಬ್ಬಿಗಳನ್ನೆಲ್ಲ ಯಾರಿಗಾದ್ರೂ ಕೊಟ್ಬಿಡು."

ಮೂವತ್ತು ವರ್ಷ ಈ ಮಾತು ಕೇಳಲು ಕಾದಿದ್ದವಳು ಕೇಕಮ್ಮ. ಈಗ ಕೇಳಿದರೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಡಾಕ್ಟರಮ್ಮ ಅವಳನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದಳು. "ಆಂಟಿ, ಕೈ ಸತ್ತಿಲ್ಲ. ಆದ್ರೆ ಈ ಕೆಲವು ತಿಂಗಳಲ್ಲಿ ಕೆಲ್ಸ ಕೊಡ್ಲಿಲ್ಲ ಅಂದ್ರೆ ಮರೆತುಬಿಡುತ್ತೆ. ಆಮೇಲೆ ಯಾರು ಬಂದ್ರೂ ಆಗಲ್ಲ. ಚೆಂಡು ಹಾಳಾಗ್ಲಿ, ಅವರಿಗೆ ಕೈ ಚಾಚಬೇಕು ಅನ್ನಿಸೋ ಅಂಥದ್ದು ಏನಾದ್ರೂ ಹುಡುಕಿ."

ಅಂದು ಮಧ್ಯಾಹ್ನ ಕೇಕಮ್ಮ ಅಂಗಡಿಯ ಬಾಗಿಲು ಮುಂದೆ ಮಾಡಿ, ಸ್ಟೂಲು ಹತ್ತಿ, ಕಪಾಟಿನ ಮೇಲಿನ ಅಂಚೆ ವಿಮಾನವನ್ನು ಇಳಿಸಿದಳು. ಊಟದ ಮೇಜಿನ ಮೇಲೆ, ಯಜಮಾನರ ಮೂಗಿನ ಮುಂದೆಯೇ ಇಟ್ಟು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಪರ್ರನೆ ಹರಿದಳು.

"ಏಯ್! ಏನ್ ಮಾಡ್ತಿದೀಯ?"

"ಕೊಟ್ಬಿಡು ಅಂದ್ರಲ್ಲ. ಕೊಡೋಕೆ ಮುಂಚೆ ಒಂದನ್ನ ನಾನೇ ಮಾಡಿ ನೋಡೋಣ ಅಂತ." ಹೇಳುತ್ತಲೇ ಚೌಕಟ್ಟಿನಿಂದ ಒಂದು ಚಕ್ರವನ್ನು ಬೆರಳಲ್ಲಿ ಹಿಡಿದು, ತಿರುಚಿ, ಲಟಕ್ಕನೆ ಮುರಿದಳು. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ. ತುಂಡನ್ನು ಕಟ್ಟರಿನಲ್ಲಿ, ಉಸಿರು ಹಿಡಿದು ಕತ್ತರಿಸಬೇಕು. ತಿರುಚಿದರೆ ಅಂಚು ಕಿತ್ತುಬರುತ್ತದೆ. ಇದು ಕೇಕಮ್ಮನಿಗೂ ಚೆನ್ನಾಗಿ ಗೊತ್ತಿತ್ತು.

ಯಜಮಾನರು "ಅಯ್ಯೋ!" ಎಂದು ಚೀರಿ ಮುಂದಕ್ಕೆ ಬಾಗಿದರು. ಎಡಗೈ ಚೌಕಟ್ಟನ್ನು ಕಸಿದುಕೊಂಡಿತು. ಬಲಗೈ ಮೇಜಿನ ಮೇಲೆ ಎರಡು ಬೆರಳು ಮುಂದೆ ಸರಿದು ನಿಂತಿತು. ಅವರು ಅದನ್ನು ನೋಡಲಿಲ್ಲ. ಕೇಕಮ್ಮ ನೋಡಿದಳು.

ಅಂದಿನಿಂದ ಮಧ್ಯಾಹ್ನದ ಮೇಲೆ ಆ ಮೇಜು ರಣರಂಗವಾಯಿತು. ಹೇಗೆ ಮಾಡಬೇಕೆಂಬ ಚಿತ್ರದ ಹಾಳೆ ಯಜಮಾನರ ಕೈಯಲ್ಲಿ. ಅವರು ಮುಂದಿನದು ಏನೆಂದು ಹೇಳಬೇಕು, ಅವಳು ಮಾಡಬೇಕು. ಅವಳು ಮಾಡಿದ್ದೆಲ್ಲ ಸೊಟ್ಟ. ರೆಕ್ಕೆಗೆ ಅಂಟು ಸುರಿದಳು. ಗಾಜಿನ ಕಿಟಕಿಯ ಮೇಲೆ ಹೆಬ್ಬೆಟ್ಟು ಒತ್ತಿದಳು. ಎಡ ಎಂಜಿನ್ನನ್ನು ಬಲಕ್ಕೆ ಇಟ್ಟು "ಎಲ್ಲಿದ್ರೇನ್ರೀ, ಹಾರೋದೇನು ಅದು?" ಅಂದಳು.

"ನಿನ್ನ ಕೈಗೆ ಕೊಟ್ಟ ನನ್ನ ಬುದ್ಧಿಗಿಷ್ಟು! ಆ ಉಪ್ಪುಕಾಗದ ಇಲ್ಲಿ ಕೊಡು!"

ಕೊಟ್ಟಳು. ಎಡಗೈಯಲ್ಲಿ ಉಜ್ಜಬೇಕಾದರೆ ರೆಕ್ಕೆಯನ್ನು ಇನ್ನೊಂದು ಕೈ ಒತ್ತಿ ಹಿಡಿಯಬೇಕಲ್ಲ? ಹಿಡಿಯಿತು. ಮೊದಲು ಪೇಪರ್‌ವೇಟಿನ ಹಾಗೆ ಬರೀ ಮೇಲೆ ಬಿದ್ದುಕೊಂಡಿತ್ತು. ಆಮೇಲೆ ಬೆರಳು ಮಡಿಸಿತು. ಕೆಲವು ವಾರ ಕಳೆದ ಮೇಲೆ ಹೆಬ್ಬೆರಳೂ ತೋರುಬೆರಳೂ ಸೇರಿ ಒಂದು ತುಂಡನ್ನು ಎತ್ತಿದವು, ಬೀಳಿಸಿದವು, ಮತ್ತೆ ಎತ್ತಿದವು. ಕೇಕಮ್ಮ ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಸದ್ದು ಕೇಳಿಸದ ಹಾಗೆ ಅತ್ತು ಬಂದಳು.

ಒಂದು ಸಲ ಮಾತ್ರ ಅವಳು ಮೈಮರೆತಳು. ವಿಮಾನದ ಪಕ್ಕೆಗೆ ಉದ್ದಕ್ಕೂ ನೀಲಿ ಪಟ್ಟಿ ಬರೆಯಬೇಕಿತ್ತು. ಸೊಟ್ಟಗೆ ಬರೆಯಬೇಕೆಂದುಕೊಂಡೇ ಕುಂಚ ಹಿಡಿದಳು. ಆದರೆ ಕೈಗೆ ಅದರದ್ದೇ ಅಭ್ಯಾಸ. ಮೂಗಿನಿಂದ ಬಾಲದವರೆಗೆ ಒಂದೇ ಉಸಿರಿನಲ್ಲಿ ದಾರ ಎಳೆದಂತೆ ಗೆರೆ ಬಂದುಬಿಟ್ಟಿತು. ತಲೆಯೆತ್ತಿದರೆ ಯಜಮಾನರು ಗೆರೆಯನ್ನಲ್ಲ, ಅವಳನ್ನು ನೋಡುತ್ತಿದ್ದರು. ಕನ್ನಡಕ ಮೂಗಿನ ಮೇಲಿದ್ದರೂ ಅದರ ಡಬ್ಬಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವ ಚಾಳಿ ಅವರಿಗೆ ಈಚೆಗೆ ಅಂಟಿತ್ತು. ಆ ಡಬ್ಬಿಯನ್ನೊಮ್ಮೆ ತಟ್ಟಿ ನೋಡಿಕೊಂಡು ಮತ್ತೆ ಚಿತ್ರದ ಹಾಳೆಗೆ ತಿರುಗಿದರು.

ವಿಮಾನದ ಮೂಗಿನ ತುದಿಯ ತುಂಡು ಬಂದಾಗ ಯಜಮಾನರು ಹಟ ಹಿಡಿದರು. "ಇದನ್ನ ನೀನು ಮುಟ್ಟಬೇಡ. ನಾನೇ ಅಂಟಿಸ್ತೀನಿ." ಬಲಗೈಯಲ್ಲೇ ಹಿಡಿದು, ಬೆವರಿ, ಬೈದುಕೊಂಡು, ಅಂತೂ ಅಂಟಿಸಿದರು. ಕೇಕಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅಂದು ಯಾರೂ ಕೇಳದ ಒಂದು ಕೇಕು ಮಾಡಿ ಬೀದಿಗೆಲ್ಲ ಹಂಚಿದಳು. ಎಂಜಿನ್ನಿನ ಹಿಂದೆ ಹೊಗೆಯ ಕಪ್ಪು ಬಳಿಯುವ ಕೆಲಸವನ್ನೂ ಅವರೇ ಮಾಡಿದರು. ಕುಂಚ ಗಡಗಡ ನಡುಗಿತು. "ನಡುಗ್ಲಿ ಬಿಡ್ರಿ, ಹೊಗೆಯೇನು ಸ್ಕೇಲು ಹಿಡ್ಕೊಂಡು ಹೋಗುತ್ತಾ?" ಅಂದಳು. ನಿಜಕ್ಕೂ ಆ ಹೊಗೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಮೂಗಿಗೆ ಎಣ್ಣೆಯ ವಾಸನೆ ಬಡಿದಂತಾಯಿತು.

ಕೆಲಸ ಮುಗಿಯುತ್ತ ಬಂದ ಹಾಗೆ ಅವಳಿಗೆ ಹೊಸ ಚಿಂತೆ ಹತ್ತಿತು. ಕೈ ಅರ್ಧ ಬಂದಿದೆ, ಅಷ್ಟೆ. ವಿಮಾನ ಮುಗಿದರೆ ಮುಂದೇನು? ಮತ್ತೆ ಗೋಡೆಗೆ ಮುಖ ಮಾಡಿದರೆ? ಇಂಥ ಡಬ್ಬಿ ಇನ್ನೊಂದಿಲ್ಲ. ಇದು ಚೆನ್ನಾಗಿ ಬಂದರೆ ಆ ಹುರುಪಿನಲ್ಲಿ ಇನ್ನೊಂದಕ್ಕೆ ಕೈ ಹಾಕಿಯಾರು, ಕೆಟ್ಟರೆ ಎಲ್ಲ ನೀರಿನಲ್ಲಿ ಹೋಮ. ಹಾಗಾಗಿ ಕೊನೆಯ ದಿನಗಳಲ್ಲಿ ನಾಟಕ ಬಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದಳು.

ಒಂದು ಭಾನುವಾರ ಕೊನೆಯ ಚಕ್ರ ಒಣಗಿತು. ಆಗ ಕನ್ನಡಕದ ಅಂಗಡಿ ನೋಡಿಕೊಳ್ಳುತ್ತಿದ್ದವನು ಅವಳ ಮೈದುನ. ಅವನೂ ನೋಡಲು ಬಂದ. ಕೇಕಮ್ಮ ಮೇಜು ಒರೆಸಿ, ಬಿಳಿ ಬಟ್ಟೆ ಹಾಸಿ, ಎರಡು ಕೈಯಲ್ಲೂ ವಿಮಾನವನ್ನು ಎತ್ತಿ ಮೂರು ಚಕ್ರದ ಮೇಲೆ ನಿಲ್ಲಿಸಿದಳು. ಕೈ ಬಿಟ್ಟಳು. ವಿಮಾನ ಮೆಲ್ಲಗೆ ಮೂಗೆತ್ತಿತು, ಮುಂದಿನ ಚಕ್ರ ಗಾಳಿಗೆ ಹೋಯಿತು, ಬಾಲ ಟಕ್ಕೆಂದು ಮೇಜಿಗೆ ಬಡಿಯಿತು.

ಮತ್ತೆ ನಿಲ್ಲಿಸಿದಳು. ಮತ್ತೆ ಟಕ್.

"ಅತ್ತಿಗೆ, ವಿಮಾನ ನಾಯಿ ಕೂತಂಗೆ ಕೂತ್ಕೊಳ್ತಲ್ಲ!" ಎಂದು ಮೈದುನ ನಕ್ಕ. ಅತ್ತಿಗೆಯ ಮುಖ ನೋಡಿ ನಗು ನುಂಗಿಕೊಂಡ.

ಕೇಕಮ್ಮ ಕುರ್ಚಿಯಲ್ಲಿ ಕುಸಿದಳು. "ಹಾಳ್ಮಾಡ್ಬಿಟ್ಟೆ ಕಣ್ರೀ. ಅಷ್ಟು ವರ್ಷ ಜೋಪಾನ ಮಾಡಿದ್ದನ್ನ ಹಾಳ್ಮಾಡ್ಬಿಟ್ಟೆ. ನಿಮ್ಮ ಕೈಗೆ ಕೆಲ್ಸ ಬರ್ಲಿ ಅಂತ ಬೇಕು ಬೇಕಂತಲೇ ಸೊಟ್ಟ ಮಾಡ್ತಿದ್ದೆ. ಎಲ್ಲಿ ಹೆಚ್ಚುಕಮ್ಮಿ ಆಯ್ತೋ..." ಮುಖಕ್ಕೆ ಸೆರಗು ಹಿಡಿದಳು.

ಆಗ ಒಂದು ಸದ್ದು ಕೇಳಿಸಿತು. ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ಕೇಳದ ಸದ್ದು. ಯಜಮಾನರು ನಗುತ್ತಿದ್ದರು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ಲ ಅಂದ್ಕೊಂಡ್ಯಾ? ಕ್ರೀಮಲ್ಲಿ ಗುಲಾಬಿ ಬಿಡಿಸೋ ಕೈಗೆ ಒಂದು ಚಕ್ರ ಕತ್ತರಿಸೋಕೆ ಬರಲ್ವಾ? ಮೊದಲನೇ ದಿನವೇ ಅನುಮಾನ ಬಂತು. ಆ ನೀಲಿ ಗೆರೆ ನೋಡಿದ್ಮೇಲೆ ಖಾತ್ರಿ ಆಯ್ತು."

"ಮತ್ತೆ ಇದು?" ಅವಳು ಬಾಲದ ಮೇಲೆ ಕೂತಿದ್ದ ವಿಮಾನವನ್ನು ತೋರಿಸಿದಳು.

ಯಜಮಾನರು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳು. "ಮೂರು ಚಕ್ರದ ವಿಮಾನಕ್ಕೆ ಮೂಗಲ್ಲಿ ಭಾರ ಹಾಕ್ಬೇಕು. ಇಲ್ಲಾಂದ್ರೆ ಹಿಂಗೇ ಕೂರುತ್ತೆ. ಈ ಹುಚ್ಚಿಗೆ ಬಿದ್ದೋರೆಲ್ಲ ಒಂದು ಸಲ ಮರೀತಾರೆ, ನಾನೂ ಮರೆತಿದ್ದೆ. ಈ ಸಲ ಮರೀಲಿಲ್ಲ. ಹೇಳ್ಲಿಲ್ಲ, ಅಷ್ಟೆ."

"ಅಯ್ಯೋ ನಿಮ್ಮ! ನಾನು ಚಾಪೆ ಕೆಳಗೆ ತೂರಿದ್ರೆ ನೀವು ರಂಗೋಲಿ ಕೆಳಗೇ ತೂರಿದ್ರಲ್ಲ! ಯಾಕ್ರೀ ಹೀಗ್ ಮಾಡಿದ್ರಿ?"

ಯಜಮಾನರ ನಗು ನಿಂತಿತು. ಗುಂಡುಗಳನ್ನು ಬೆರಳಲ್ಲಿ ಆಚೀಚೆ ಉರುಳಿಸಿದರು.

"ಮುಗಿದ್ರೆ ನೀನು ಎದ್ದು ಅಂಗಡಿಗೆ ಹೋಗ್ತಿದ್ದೆ," ಅಂದರು. "ಇಷ್ಟು ವರ್ಷ ನಾನು ಬಾಗಿಲು ಹಾಕ್ಕೊಂಡು ಒಬ್ನೇ ಕೂತಿದ್ನಲ್ಲ, ಎಷ್ಟು ದಡ್ಡ ಅಂತ ಈಗ ಗೊತ್ತಾಯ್ತು. ಇನ್ನೂ ಸ್ವಲ್ಪ ದಿನ ನೀನು ಇಲ್ಲೇ ಕೂರ್ಲಿ ಅನ್ನಿಸ್ತು ಕಣೇ."

ಕೇಕಮ್ಮನಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತಂತೆ," ಎಂದು ಮೈದುನ ವಿಮಾನದ ಕಡೆ ನೋಡಿ ಗೊಣಗುತ್ತ, ಟೀ ಮಾಡುವ ನೆಪ ಹೇಳಿ ಅಡುಗೆಮನೆಗೆ ಜಾರಿಕೊಂಡ.

"ಈಗ ಹೇಗೆ? ಒಡೀಬೇಕಾ?"

"ಯಾಕೆ ಒಡೀಬೇಕು? ಮೂಗಿನ ತುದೀನ ನಾನು ಅಂಟಿಸಿದ್ದು ಯಾಕೆ ಅಂದ್ಕೊಂಡೆ? ಒಂದೇ ಹನಿ ಅಂಟಲ್ಲಿ ನಿಂತಿದೆ. ಬ್ಲೇಡು ತೋರ್ಸಿದ್ರೆ ಸಾಕು, ಬಿಟ್ಕೊಳ್ಳುತ್ತೆ. ಆಮೇಲೆ ಆ ಹಡಗಿನ ಡಬ್ಬಿ ಇಳಿಸು. ಅದರ ಹಾಯಿಗಳಿಗೆ ಹಗ್ಗ ಕಟ್ಟೋದೇ ಒಂದು ವರ್ಷದ ಕೆಲ್ಸ."

ಕೇಕಮ್ಮ ಮೂಗು ಒರೆಸಿಕೊಂಡು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು. ಕೆಲಸದ ಪೆಟ್ಟಿಗೆಯಿಂದ ಬ್ಲೇಡು ತೆಗೆದು, ಇಷ್ಟು ದಿನದ ರೂಢಿಯಂತೆ ಅವರ ಎಡಗೈಗೆ ಚಾಚಿದಳು.

"ಆ ಕೈಗಲ್ಲ," ಎಂದು ಯಜಮಾನರು ಬಲಗೈ ಮುಂದೆ ಮಾಡಿದರು. "ಈ ಕೈಗೆ ಕೊಡು. ಇದು ಇನ್ನೂ ಪಳಗಬೇಕು."