ಬಿಸಿ ಗಾಜಿನ ಸಾಕ್ಷಿ

ಮಾಗಿ ಚಳಿಯ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಕಿಟಕಿಗೆ ಬಂದಿರಲಿಲ್ಲ, ಮೈಸೂರಿನ ಒಂದು ಮಸೂರದ ಕಾರ್ಖಾನೆಯಲ್ಲಿ ಮಾದಯ್ಯ ನನ್ನನ್ನು ಉಜ್ಜಲು ಕೂತ. ನಾನು ಅಂಗೈಯಗಲದ ಒಂದು ದಪ್ಪ ಗಾಜು. ಬೇರೆ ಗಾಜು ಸಪಾಟಾಗಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ.

ಹೇಗೆ ಅಂತೀರಾ? ನನ್ನನ್ನು ಇನ್ನೊಂದು ಗಾಜಿನ ಮೇಲಿಟ್ಟು ಹಳದಿ ದೀಪ ಹಾಕುತ್ತಾರೆ. ನಡುವೆ ಕೂದಲಿಗಿಂತ ತೆಳ್ಳಗೆ ಗಾಳಿ ಉಳಿದಿರುತ್ತದೆ. ನನ್ನ ತಳದಿಂದ ಒಂದು ಬೆಳಕು, ಕೆಳಗಿನ ಗಾಜಿನ ಮೈಯಿಂದ ಒಂದು ಬೆಳಕು ಹಿಂದಿರುಗುತ್ತವೆ. ಬೆಳಕೂ ಕೆರೆ ನೀರಿನ ಹಾಗೆ ಅಲೆ ಅಲೆಯಂತೆ. ಉಬ್ಬಿಗೆ ಉಬ್ಬು ಸೇರಿದಲ್ಲಿ ಬೆಳಗುತ್ತದೆ. ಉಬ್ಬಿಗೆ ತಗ್ಗು ಸಿಕ್ಕಲ್ಲಿ ಎರಡೂ ಅಳಿದು ಕಪ್ಪು ಗೆರೆ ಮೂಡುತ್ತದೆ. ಗೆರೆ ನೆಟ್ಟಗಿದ್ದರೆ ಗಾಜು ಸಪಾಟು, ಬಾಗಿದ್ದರೆ ಡೊಂಕು. ಆದರೆ ಮೈ ಬಿಸಿಯಾದರೆ ನಾನೇ ಬಾಗುತ್ತೇನೆ, ಆಗ ಒಳ್ಳೆಯ ಗಾಜೂ ಡೊಂಕಾಗಿ ಕಾಣುತ್ತದೆ. ಮಾದಯ್ಯ, ಅವನ ಜೊತೆಗಾರ ಕೆಂಪರಾಜು, ಇಬ್ಬರಿಗೂ ಇದು ಗೊತ್ತು. ಒಂದೇ ಬುತ್ತಿ ಹಂಚಿಕೊಂಡು ಉಂಡವರು.

ಹಳೆ ಮೇಸ್ತ್ರಿ ಕೆಲಸ ಬಿಟ್ಟ ವರ್ಷ ಇಬ್ಬರಲ್ಲೊಬ್ಬ ಆ ಜಾಗಕ್ಕೆ ಬರಬೇಕಿತ್ತು. ಮಾದಯ್ಯ ದೂರದರ್ಶಕಕ್ಕೆ ಕೂರಿಸುವ ಸಪಾಟು ಗಾಜೊಂದನ್ನು ಉಜ್ಜಿದ್ದ. ಅದು ಪಾಸಾದರೆ ಅವನೇ ಮೇಸ್ತ್ರಿ ಎಂದು ಯಜಮಾನರು ಮಾತು ಕೊಟ್ಟಿದ್ದರು.

ಆಯುಧಪೂಜೆಯ ದಿನ ನಮ್ಮನ್ನೆಲ್ಲ ಸಾಲಾಗಿಟ್ಟು ಹೂ ಮುಡಿಸಿದರು. ಕೆಂಪರಾಜು ಎಣ್ಣೆದೀಪವನ್ನು ನನ್ನ ಮೈಗೇ ಒತ್ತಿ ಇಟ್ಟ. ಬೇಕೆಂದೇ ಇಟ್ಟನೆಂದು ನಾನು ಹೇಳಲಾರೆ. ಹೂವಿನ ಮರೆಯಲ್ಲಿ ಬೇರೆ ಯಾರಿಗೂ ಅದು ಕಾಣಲಿಲ್ಲ. ಪೂಜೆ ಮುಗಿಯುವಾಗ ಮಾದಯ್ಯನ ಆ ಗಾಜು ಕೊಳ್ಳುವವರು ಬಂದರು. ಯಜಮಾನರು ನನ್ನನ್ನಿಟ್ಟು ಗೆರೆ ತೋರಿಸು ಅಂದರು. ಪೂಜೆಗಿಟ್ಟ ಸಾಮಾನನ್ನು ಇವತ್ತು ಎತ್ತಬಾರದು, ನಾಳೆ ತೋರಿಸುತ್ತೇನೆ ಅಂದ ಮಾದಯ್ಯ.

"ಮಾದಣ್ಣಂಗೆ ಇವತ್ತೇ ಭಕ್ತಿ ಉಕ್ಕಿಬಿಡ್ತು" ಎಂದು ನಗುತ್ತಾ ಕೆಂಪರಾಜು ನನ್ನನ್ನು ಎತ್ತಿಕೊಂಡ.

ಬೆರಳಿಗೆ ಬಿಸಿ ತಾಗಿತು. ಒಂದು ಗಳಿಗೆ ತಡೆದ. ಆಮೇಲೆ ನನ್ನನ್ನು ಮಾದಯ್ಯನ ಗಾಜಿನ ಮೇಲಿಟ್ಟೇ ಬಿಟ್ಟ. ಗೆರೆಗಳು ಬಿಲ್ಲಿನ ಹಾಗೆ ಬಾಗಿದವು.

"ಅದಕ್ಕೇ ಪೂಜೆ ನೆಪ ಹೇಳಿದೆಯಾ?" ಅಂದರು ಯಜಮಾನರು, ಮಾದಯ್ಯನ ಕಡೆ ತಿರುಗಿ. ಕೆಂಪರಾಜು ನೆಲ ನೋಡಿದ.

ಮರುದಿನ ಬೆಳಿಗ್ಗೆ ಕೆಂಪರಾಜು ಒಬ್ಬನೇ ಬಂದು ಮತ್ತೆ ಇಟ್ಟು ನೋಡಿದ. ನನ್ನ ಮೈ ತಣ್ಣಗಾಗಿತ್ತು. ಗೆರೆಗಳು ಬಾಚಣಿಗೆ ಹಲ್ಲಿನಷ್ಟು ನೆಟ್ಟಗಿದ್ದವು. ಹಳದಿ ದೀಪ ಆರಿಸುವಷ್ಟರಲ್ಲಿ ಮಾದಯ್ಯ ಬಾಗಿಲಲ್ಲಿ ನಿಂತಿದ್ದ.

"ಇನ್ನೊಂದು ಸಲ ನೋಡ್ದೇನೋ, ಕೆಂಪ?"

"ನೋಡ್ದೆ ಕಣಣ್ಣ. ನಿನ್ನೆ ಇದ್ದಂಗೇ ಐತೆ."

ಈಗ ಕೆಂಪರಾಜು ಮೇಸ್ತ್ರಿಯಾಗಿ, ಮುದುಕನಾಗಿ, ಮನೆ ಸೇರಿದ್ದಾನೆ. ನಾನು ಮೈಯೆಲ್ಲ ಗೀರಾಗಿ ಒಂದು ಮರದ ಪೆಟ್ಟಿಗೆಯಲ್ಲಿದ್ದೇನೆ. ನನಗೆ ಬಾಯಿಲ್ಲ. ಇಟ್ಟು ನೋಡಿದವರಿಗಷ್ಟೇ ಹೇಳಬಲ್ಲೆ. ಮಾದಯ್ಯ ನೋಡಲಿಲ್ಲ, ಗೆಳೆಯನ ಮಾತೇ ಸಾಕು ಅಂದುಕೊಂಡ. ತನ್ನ ಕೈಯೇ ಕೆಟ್ಟಿತೆಂದು, ಯಾರನ್ನೂ ಬಯ್ಯದೆ, ಅವನು ಕೆಲಸ ಬಿಟ್ಟು ಹೋದದ್ದು ಅವತ್ತೇ, ವಿಜಯದಶಮಿ, ಗುರುವಾರ.